ಈ ಒಣ ಕಡ್ಡಿ ಉತ್ತರಾಣಿಯೋ, ಕಾಡು ಉತ್ತರಾಣಿಯೋ?

ಗೆಳೆಯರೇ,

ಬೇಲಿ ಪಕ್ಕ ಕಿತ್ತ ಒಂದು ಒಣ ಕಡ್ಡಿ ನನ್ನ ಮುಂದಿದೆ. ಎಲೆ, ಹೂವು ಏನೂ ಇಲ್ಲ, ಉದ್ದನೆಯ ತೆನೆ ಮಾತ್ರ ಉಳಿದಿದೆ. ಮನೆಯಲ್ಲಿ ಇದನ್ನು ಉತ್ತರಾಣಿ ಅಂದರು, ತೋಟದ ಕೆಲಸಕ್ಕೆ ಬರುವವರು ಕಾಡು ಉತ್ತರಾಣಿ ಅಂದರು. ನಿಮ್ಮ ಕಡೆ ಈ ಎರಡು ಹೆಸರು ಒಂದೇ ಗಿಡಕ್ಕಾ, ಬೇರೆ ಬೇರೆ ಗಿಡಕ್ಕಾ?

ಉತ್ತರಾಣಿ ಗೊತ್ತಿಲ್ಲದವರು ಕಡಿಮೆ. ಗಣೇಶನ 21 ಪತ್ರೆಗಳಲ್ಲಿ ಅಪಾಮಾರ್ಗ ಅಂತ ಬರುವುದು ಇದೇ, ನವಗ್ರಹ ಹೋಮದಲ್ಲಿ ಬುಧನಿಗೆ ಇದರದೇ ಸಮಿತ್ತು, ಋಷಿಪಂಚಮಿ ದಿನ ಹಲ್ಲುಜ್ಜುವುದಕ್ಕೂ ಇದರ ಕಡ್ಡಿ ಬೇಕು. ತೆಲುಗಿನಲ್ಲಿ ಉತ್ತರೇಣಿ, ಮರಾಠಿಯಲ್ಲಿ ಆಘಾಡಾ, ತಮಿಳಿನಲ್ಲಿ ನಾಯುರುವಿ. ಹರಿವೆ ಸೊಪ್ಪಿನ ಕುಟುಂಬದ ಗಿಡ. ಒಣಗಿದ ಮೇಲೂ ಗುರುತು ಸಿಗುತ್ತದೆ. ಕಾಯಿಗಳೆಲ್ಲ ಕೆಳಮುಖವಾಗಿ ಕಡ್ಡಿಗೆ ಒತ್ತಿಕೊಂಡಿರುತ್ತವೆ, ಬುಡದಿಂದ ತುದಿಗೆ ಬೆರಳು ಎಳೆದರೆ ಚುಚ್ಚುತ್ತವೆ, ಪಂಚೆಗೋ ಸೀರೆ ಅಂಚಿಗೋ ತಗುಲಿದರೆ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ, ಯಾಕಂದ್ರೆ ಪ್ರತಿ ಕಾಯಿಯ ಜೊತೆ ಮುಳ್ಳಿನಂಥ ಎರಡು ಪುಟ್ಟ ಎಸಳೂ ಕಳಚಿಕೊಂಡು ಬರುತ್ತವೆ.

ನನ್ನ ಹತ್ತಿರ ಇರುವ ಕಡ್ಡಿ ಬಟ್ಟೆಗೆ ಅಂಟುವುದೇ ಇಲ್ಲ. ತೆನೆಯ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳಿವೆ, ಬೀಜ ಆ ಗುಳಿಯೊಳಗೇ ಹುದುಗಿದೆ. ಇದು ಸ್ಟಾಕಿಟಾರ್ಫೆಟಾ, ಅಮೆರಿಕದ ಬಿಸಿ ನಾಡುಗಳಿಂದ ಬಂದ ಕಳೆ. ಹಸಿರಿದ್ದಾಗ ತೆನೆಯಲ್ಲಿ ಒಮ್ಮೆಗೆ ಕೆಲವೇ ನೀಲಿ ಹೂವು ಅರಳುತ್ತವೆ. ಉತ್ತರಾಣಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ತೆನೆ ದೂರದಿಂದ ಒಂದೇ ಥರ ಕಾಣುತ್ತದೆ ಅಷ್ಟೆ. ತಮಿಳರು ಇದಕ್ಕೆ ಸೀಮೈ ನಾಯುರುವಿ ಅನ್ನುತ್ತಾರೆ, ಅಂದರೆ ಸೀಮೆ ಉತ್ತರಾಣಿ.

ಹಾಗಾದರೆ ನಮ್ಮಲ್ಲಿ ‘ಕಾಡು’ ಯಾಕೆ? ಉತ್ತರಾಣಿಯನ್ನೇ ಯಾರೂ ಬಿತ್ತಿ ಬೆಳೆಯುವುದಿಲ್ಲ, ಅದೂ ಬೇಲಿ ಗಿಡವೇ ಅಲ್ವಾ. ಇಲ್ಲಿ ಕಾಡು ಅಂದರೆ ‘ನೋಡಲು ಹಾಗೇ, ಆದರೆ ಅದಲ್ಲ’ ಎಂಬ ಅರ್ಥ ಅನಿಸುತ್ತದೆ. ಕಾಡುಹರಳು ಕೂಡ ಹಾಗೇ, ಅದು ನಾವು ಎಣ್ಣೆ ತೆಗೆಯುವ ಹರಳಲ್ಲ.

ನಿಘಂಟಿನಲ್ಲಿ ‘ಒಂದು ಬಗೆಯ ಗಿಡ’ ಅಂತ ಬರೆದು ಬಿಟ್ಟರೆ ಈ ವ್ಯತ್ಯಾಸ ಪೂರ್ತಿ ಕಳೆದುಹೋಗುತ್ತದೆ. ಅದಕ್ಕೇ ಸುಮ್ನೆ ಹೆಸರಷ್ಟೇ ಬರೆಯಬೇಡಿ. ಯಾವ ತಾಲ್ಲೂಕು, ಕಾಯಿ ಬಟ್ಟೆಗೆ ಅಂಟುತ್ತದಾ, ಕೆಳಮುಖವಾ, ಗುಳಿಯಲ್ಲಿದೆಯಾ, ಇಷ್ಟನ್ನೂ ಜೊತೆಗೆ ತಿಳಿಸಿ. ‘ಸೀಮೆ ಉತ್ತರಾಣಿ’ ಎಂಬ ಮಾತು ಕನ್ನಡದಲ್ಲೂ ಎಲ್ಲಾದರೂ ಕೇಳಿದ್ದೀರಾ?