50ಕ್ಕೆ 17: ಕನ್ನಡ ಮಾಧ್ಯಮದಿಂದ ಪಿಯು ಸೈನ್ಸ್‌ಗೆ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ: ಹಾವೇರಿ ಕಡೆಯ ಹಳ್ಳಿಯವಳು ನಾನು. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ, 625ಕ್ಕೆ 581 ಬಂದಿತ್ತು. ಈಗ ಧಾರವಾಡದಲ್ಲಿ ಹಾಸ್ಟೆಲ್, ಪಿಯುಸಿ ಮೊದಲ ವರ್ಷ ಸೈನ್ಸ್. ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್ 50ಕ್ಕೆ 17. ಇಂಗ್ಲಿಷ್ ಬರದೇ ಹೀಗಾಯ್ತು ಅನಿಸ್ತದೆ. ಅಪ್ಪ ಆರ್ಟ್ಸ್‌ಗೆ ಹೋಗು ಅಂತಾರೆ. ಇದೇ ದಾರಿಯಲ್ಲಿ ಬಂದವರು ಏನು ಮಾಡಿದಿರಿ?

ಧಾರವಾಡದಿಂದ: ತಂಗಿ, ನನಗೆ ಬಂದದ್ದು 14. ನಾನೂ ಇಂಗ್ಲಿಷನ್ನೇ ಬೈದೆ. ಉತ್ತರಪತ್ರಿಕೆ ಒಂದು ವಾರ ಟ್ರಂಕಿನಲ್ಲಿ, ಬಟ್ಟೆಯ ಕೆಳಗೆ ಇತ್ತು. ಆಮೇಲೆ ರೂಮ್‌ಮೇಟ್ ಬಿಡಲಿಲ್ಲ ಅಂತ ಹೊರಗೆ ತೆಗೆದು, ಹೋದ 36 ಅಂಕ ಎಲ್ಲೆಲ್ಲಿ ಹೋದವು ಅಂತ ಎಣಿಸಿದೆ. ಪ್ರಶ್ನೆ ಅರ್ಥವಾಗದೆ ಹೋದದ್ದು 8. ಚಿಹ್ನೆ, ಯೂನಿಟ್, ಅವಸರ ಎಲ್ಲ ಸೇರಿ 9. ಉಳಿದ 19 ವಿಷಯವೇ ತಿಳಿಯದೆ ಹೋಗಿತ್ತು.

ಒಂದು ಪ್ರಶ್ನೆ ಇನ್ನೂ ನೆನಪಿದೆ. ನೇರ ಮೇಲಕ್ಕೆ ಎಸೆದ ಚೆಂಡಿಗೆ ತುತ್ತತುದಿಯಲ್ಲಿ ಅಕ್ಸಲರೇಷನ್ ಎಷ್ಟು? ಸೊನ್ನೆ ಅಂತ ಬರೆದಿದ್ದೆ. ಅಕ್ಸಲರೇಷನ್ ಅಂದರೆ ವೇಗೋತ್ಕರ್ಷ ಅಂತ ಚೆನ್ನಾಗೇ ಗೊತ್ತಿತ್ತು. ಕನ್ನಡದಲ್ಲಿ ಕೇಳಿದ್ದರೂ ಸೊನ್ನೆ ಅಂತಲೇ ಬರೆಯುತ್ತಿದ್ದೆ! ಅಲ್ಲಿ ಸೊನ್ನೆ ಆಗೋದು ವೇಗ ಮಾತ್ರ. ವೇಗೋತ್ಕರ್ಷ ಆಗಲೂ 9.8, ಕೆಳಮುಖವಾಗಿ. ಅದೂ ಸೊನ್ನೆಯಾದರೆ ಚೆಂಡು ಅಲ್ಲೇ ನೇತಾಡಬೇಕು, ಅಲ್ವಾ? ರೂಮ್‌ಮೇಟ್ ಹಾಸ್ಟೆಲ್ ಅಂಗಳದಲ್ಲಿ ಒಂದು ಪೇರಲಹಣ್ಣು ಎಸೆದು ಹಿಡಿದು ತೋರಿಸಿದ ಮೇಲೇ ತಲೆಗೆ ಹೋಯಿತು. ಹಣ್ಣು ಅವನೇ ತಿಂದ.

ಅವತ್ತೇ 100 ಪುಟದ ಒಂದು ನೋಟ್‌ಬುಕ್ ತಂದು ತಪ್ಪುಗಳಿಗೆ ಅಂತಲೇ ಇಟ್ಟೆ. ಸರಿ ಉತ್ತರ ನಕಲು ಮಾಡೋದಲ್ಲ, ಅದು ಸುಮ್ನೆ ಕೈನೋವು. ನಾನು ಏನಂದುಕೊಂಡಿದ್ದೆ, ಅದು ಯಾಕೆ ತಪ್ಪು, ಇಷ್ಟನ್ನೇ ಕನ್ನಡದಲ್ಲಿ ಬರೆಯುತ್ತಿದ್ದೆ. ವಾರ್ಷಿಕ ಪರೀಕ್ಷೆಯಲ್ಲಿ 70ಕ್ಕೆ 52 ಬಂತು.

ಗದಗಿನಿಂದ: ಅಣ್ಣನವರ ಮಾತು ಫಿಸಿಕ್ಸಿಗೆ ಸರಿ. ಬಯಾಲಜಿಯಲ್ಲಿ ನನಗೆ ನಿಜಕ್ಕೂ ಭಾಷೆಯೇ ಹೊಡೆತ ಕೊಟ್ಟಿತು. ದ್ಯುತಿಸಂಶ್ಲೇಷಣೆ ಬಾಯಿಪಾಠ ಇತ್ತು, ಫೋಟೋಸಿಂಥಸಿಸ್ ಬೇರೆ ಏನೋ ಅಂದುಕೊಂಡಿದ್ದೆ! ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಪದ ಬರೆದುಕೊಂಡೆ. ಎರಡು ತಿಂಗಳಾದ ಮೇಲೆ ಅದನ್ನು ನೋಡೋದೇ ಬಿಟ್ಟುಹೋಯಿತು. ಇನ್ನೊಂದು ಮಾತು. ಏನು ಮಾಡು ಅಂತ ಕೇಳಿದ್ದಾರೆ ಅನ್ನೋದನ್ನ ಮೊದಲು ನೋಡು. ಡಿಸ್ಟಿಂಗ್ವಿಶ್ ಅಂತಿತ್ತು, ನಾನು ಎರಡಕ್ಕೂ ವ್ಯಾಖ್ಯೆ ಬರೆದು ಬಂದೆ. ಕೇಳಿದ್ದು ವ್ಯತ್ಯಾಸ. ಡಿಫೈನ್, ಡಿರೈವ್, ಜಸ್ಟಿಫೈ, ಇಂಥವು ಹತ್ತಿಪ್ಪತ್ತು ಪದ ಇರಬಹುದು, ಜಾಸ್ತಿ ಏನಿಲ್ಲ.

ಹುಬ್ಬಳ್ಳಿಯಿಂದ: ಗಾಬರಿಯಾಗಿ ಧಾರವಾಡದ ಸಪ್ತಾಪುರದಲ್ಲಿ ಇನ್ನೊಂದು ಟ್ಯೂಷನ್ ಹಚ್ಚಬೇಡವ್ವಾ. ನಾನು ಹಚ್ಚಿದ್ದೆ. ದಿನಾ ಚಿಗರಿ ಬಸ್ಸಿನಲ್ಲಿ ಹೋಗೋದು ಬರೋದು. ನೋಟ್ಸ್ ಎರಡು ಕಡೆಯದು, ಓದಿದ್ದು ಒಂದು ಕಡೆಯದೂ ಇಲ್ಲ.

ಪ್ರಶ್ನೆ ಕೇಳಿದವಳು: ನಿನ್ನೆ ರಾತ್ರಿ ಕೂತು ಎಣಿಸಿದೆ. ಹೋದದ್ದು 33. ಇಂಗ್ಲಿಷಿನದು 11, ವಿಷಯದ್ದು 14, ಅವಸರದ್ದು 6. ಕೂಡಿಸಿದರೆ 31 ಆಗ್ತದೆ. ಇನ್ನೆರಡು ಎಲ್ಲಿ ಅಂತ ಮೂರು ಸಲ ನೋಡಿದೆ. ಕೊನೇ ಪುಟದ 2 ಅಂಕ ಮೊತ್ತಕ್ಕೆ ಸೇರಿಸೇ ಇಲ್ಲ! ಸೋಮವಾರ ಸರ್ ಹತ್ತಿರ ಹೋಗ್ತೇನೆ. ಅಪ್ಪನಿಗೆ ಮಾತ್ರ ಈಗಲೇ ಫೋನ್ ಮಾಡಿ 19 ಅಂತ ಹೇಳಿಬಿಟ್ಟೆ.