ಲಾನ್ ಚೇನಿ ಜೂನಿಯರ್ ಸಿನಿಮಾ ಡಿಸ್ಕ್ ತರಿಸಿದವರು ಅನುಭವ ಹೇಳಿ

ತೋಳದಹೆಜ್ಜೆ:
ಹೋದ ತಿಂಗಳು ನಿದ್ದೆ ಬಾರದೆ ರಾತ್ರಿ ‘ದಿ ವುಲ್ಫ್ ಮ್ಯಾನ್’ (1941) ನೋಡಿದೆ. ಎಪ್ಪತ್ತೇ ನಿಮಿಷದ ಸಿನಿಮಾ. ಅವತ್ತಿನಿಂದ ಲಾನ್ ಚೇನಿ ಜೂನಿಯರ್ ಗುಂಗು ಹಿಡಿದಿದೆ. ತೋಳ ಆದ ಮೇಲಿನ ಆರ್ಭಟಕ್ಕಲ್ಲ. ಕುರ್ಚಿಯಲ್ಲಿ ಕೂತು ಗಾಬರಿಯಿಂದ ತನ್ನ ಕಾಲು ತಾನೇ ನೋಡಿಕೊಳ್ಳುತ್ತಾನಲ್ಲ, ಅಲ್ಲಿ ಬಿದ್ದೆ. ಇವರ ಅಪ್ಪ ಲಾನ್ ಚೇನಿ ಮೂಕಿ ಕಾಲದ ಬಹು ದೊಡ್ಡ ನಟ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದಿಂದ ಬ್ಲೂ-ರೇ ಸೆಟ್ ತರಿಸಬಹುದಾ? ನನ್ನ ಹತ್ತಿರ ಇರುವುದು 10,000 ರೂಪಾಯಿ. ಮೊದಲು ಅಪ್ಪನನ್ನು ನೋಡಬೇಕಾ, ಮಗನನ್ನಾ? ಒಂಬತ್ತು ವರ್ಷದ ನನ್ನ ಮಗನೂ ಜೊತೆಗೆ ಕೂರುತ್ತಾನೆ.

ಗೀರುಬಿದ್ದಡಿಸ್ಕ್:
ತರಿಸಿದವನು ನಾನು. ಲೆಕ್ಕ ಬರೆದಿಟ್ಟಿದ್ದೇನೆ, ಕೇಳಿ. ಸೆಟ್ 89 ಡಾಲರ್, ಸಾಗಣೆ 34 ಡಾಲರ್. ಅವತ್ತಿನ ರೇಟಿಗೆ 10,200 ರೂಪಾಯಿ ಆಯಿತು. ಮನೆ ಬಾಗಿಲಿಗೆ ಬಂದವನು ಸುಂಕ 4,310 ಕೊಡಿ ಅಂದ. ಅದರ ಜೊತೆ ಕ್ಲಿಯರೆನ್ಸ್ ಖರ್ಚು ಅಂತ 708. ಒಟ್ಟು 15,218. ಸರಿ, ಆಸೆಪಟ್ಟಿದ್ದೇನೆ, ಕೊಟ್ಟೆ. ರಾತ್ರಿ ಊಟ ಮುಗಿಸಿ ಡಿಸ್ಕ್ ಹಾಕಿದರೆ ಪ್ಲೇಯರ್ ಉಗುಳಿತು. ಒಂದಲ್ಲ, ನಾಲ್ಕು ಸಲ. ಅದು ‘ಎ’ ವಲಯದ ಡಿಸ್ಕ್, ನಮ್ಮ ದೇಶದ್ದು ‘ಸಿ’. ಮಾರುವ ಪುಟದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತಂತೆ. ಎಲ್ಲ ವಲಯದ್ದೂ ಓಡಿಸುವ ಪ್ಲೇಯರ್ ಹುಡುಕಿ ತಂದೆ, 18,500. ಅಂದರೆ 33,718 ರೂಪಾಯಿ. ಇಷ್ಟಾದ ಮೇಲೆ ಎರಡನೇ ಡಿಸ್ಕ್ ಮೇಲೆ ಗೀರು. ವಾಪಸ್ ಕಳಿಸಿ, ಬೇರೆ ಕೊಡುತ್ತೇವೆ ಅಂದರು. ಕಳಿಸುವ ಖರ್ಚು 2,900, ಅದೂ ನನ್ನದೇ. ಕಳಿಸಲಿಲ್ಲ. ಇವತ್ತಿಗೂ ಅದು 41ನೇ ನಿಮಿಷಕ್ಕೆ ನಿಲ್ಲುತ್ತದೆ.

ಆದರೂ ತಗೊಳ್ಳಿ ಅಂತಲೇ ಹೇಳುತ್ತೇನೆ. ಮೇಕಪ್ ಮಾಡಿದ ಜ್ಯಾಕ್ ಪಿಯರ್ಸ್ ಚಮರೀಮೃಗದ ಕೂದಲನ್ನು ಮುಖಕ್ಕೆ ಎಳೆ ಎಳೆಯಾಗಿ ಅಂಟಿಸಿದ್ದ. ಫೋನಿನಲ್ಲಿ ಅದು ಕಂಬಳಿ ಥರ ಕಾಣುತ್ತದೆ. ಬ್ಲೂ-ರೇಯಲ್ಲಿ ಹಣೆಯ ಅಂಚಿನ ಕೂದಲು ಒಂದೊಂದೂ ಬೇರೆ ಬೇರೆ. ಅದರ ಹಿಂದೆ ಎರಡು ಕಣ್ಣು. ಅದನ್ನು ನೋಡೋಕೆ 33,718 ಕೊಟ್ಟೆ, ಬೇಜಾರಿಲ್ಲ. ನಮ್ಮನೆಯವರಿಗೆ ಇದೆ.

ಮೂಕಿಮೋಹಿ:
ಮೊದಲು ಅಪ್ಪ. ಇದರಲ್ಲಿ ಚರ್ಚೆಯೇ ಇಲ್ಲ. ‘ಹಂಚ್‌ಬ್ಯಾಕ್ ಆಫ್ ನಾತ್ರದಾಂ’ 1923, ‘ಫ್ಯಾಂಟಮ್ ಆಫ್ ದಿ ಒಪೆರಾ’ 1925. ಎರಡರ ಹಕ್ಕೂ ಮುಗಿದಿದೆ, ಪುಕ್ಕಟೆ ಸಿಗುತ್ತವೆ. ಮೂವತ್ತಮೂರು ಸಾವಿರ ಯಾಕೆ ಸ್ವಾಮಿ?

ಪುಕ್ಕಟೆ ಅಂತ ಮೊದಲು ಸಿಕ್ಕಿದ್ದಕ್ಕೆ ಕೈಹಾಕಬೇಡಿ ಅಷ್ಟೆ. ನಾನು ‘ಫ್ಯಾಂಟಮ್’ನ ಹನ್ನೊಂದು ಪ್ರತಿ ಇಳಿಸಿಕೊಂಡೆ. ಒಂದರಲ್ಲಿ ಎಲ್ಲರೂ ಬೆಂಕಿ ಬಿದ್ದ ಹಾಗೆ ಓಡುತ್ತಾರೆ. ಮೂಕಿ ಚಿತ್ರವನ್ನು ಟಾಕಿ ವೇಗದಲ್ಲಿ, ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿಸಿದರೆ ಹಾಗೇ ಆಗೋದು. ಇನ್ನೊಂದರಲ್ಲಿ ಹಣೆಯೇ ಕತ್ತರಿಸಿ ಹೋಗಿದೆ. ಚೆನ್ನಾಗಿ ಕಾಣುವ ಪ್ರತಿ 1929ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಬದಲಾಯಿಸಿದ್ದು. 1925ರದ್ದು ಉಳಿದಿರುವುದು ಮನೆಯಲ್ಲಿ ತೋರಿಸೋಕೆ ಮಾಡಿದ್ದ 16 ಎಂಎಂ ಪ್ರತಿಗಳಿಂದ, ಅದು ಮಸುಕು. ಎರಡನ್ನೂ ಅಕ್ಕಪಕ್ಕ ಇಟ್ಟು ದೃಶ್ಯ ದೃಶ್ಯ ಹೋಲಿಸಿ ಗುರುತು ಮಾಡಿಕೊಂಡಿದ್ದೆ, ಮೂರು ತಿಂಗಳ ಕೆಲಸ. 5,600 ಕೊಟ್ಟು ತಂದ ಹಾರ್ಡ್ ಡಿಸ್ಕ್ ಒಂದು ದಿನ ಟಿಕ್ ಟಿಕ್ ಅಂದು ಸತ್ತಿತು. ಎಲ್ಲ ಹೋಯಿತು.

ಚೇನಿ ತನ್ನ ಮುಖವನ್ನು ತಾನೇ ಮಾಡಿಕೊಳ್ಳುತ್ತಿದ್ದ. ಮೇಕಪ್ ಬಗ್ಗೆ ಬ್ರಿಟಾನಿಕಾ ವಿಶ್ವಕೋಶಕ್ಕೆ ಬರೆದವನೂ ಅವನೇ. ಮೇಕಪ್ ಪೆಟ್ಟಿಗೆ ಈಗ ಲಾಸ್ ಏಂಜಲಿಸ್‌ನ ಮ್ಯೂಸಿಯಂನಲ್ಲಿದೆ. ಮಗನೋ, ಬೇರೆಯವರು ಅಂಟಿಸಿದ ಕೂದಲು, ಅಪ್ಪ ಬಿಟ್ಟುಹೋದ ಹೆಸರು. ಉಳಿದಿದ್ದು ಬಾಟಲಿ.

ಗೀರುಬಿದ್ದಡಿಸ್ಕ್:
ಪುಕ್ಕಟೆ ಸಿನಿಮಾಕ್ಕೆ 5,600 ಕೊಟ್ಟಿದ್ದೀರಿ ಸಾರ್, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಕ್ಯಾಮೆರಾಅಂಗಡಿ:
ಮೂಕಿಮೋಹಿ ಅವರೇ, ಕೊನೆಯ ಸಾಲು ಬರೆಯುವ ಮುಂಚೆ ಒಂದು ನಿಮಿಷ ಯೋಚನೆ ಮಾಡಬೇಕಿತ್ತು.

ಹುಡುಗನ ನಿಜವಾದ ಹೆಸರು ಕ್ರೇಟನ್. 1906ರಲ್ಲಿ ಹುಟ್ಟಿದ್ದು. ಏಳು ವರ್ಷದವನಿದ್ದಾಗ ತಾಯಿ ವಿಷ ಕುಡಿದಳು. ಬದುಕಿದಳು, ಆದರೆ ಗಾಯಕಿಯ ಗಂಟಲು ಹೋಯಿತು. ನಟನೆ ಬೇಡ ಅಂತ ಅಪ್ಪ ದೂರವೇ ಇಟ್ಟ. ವಾಟರ್ ಹೀಟರ್ ಕಂಪನಿಯಲ್ಲಿ ಕೆಲಸ ಮಾಡಿಕೊಂಡಿದ್ದ. 1930ರಲ್ಲಿ ಅಪ್ಪ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆಯೇ ಸಿನಿಮಾಕ್ಕೆ ಬಂದಿದ್ದು, 1932ರಲ್ಲಿ, ಕ್ರೇಟನ್ ಚೇನಿ ಅಂತಲೇ. ಮೂರು ವರ್ಷ ಸಣ್ಣಪುಟ್ಟ ಪಾತ್ರ ಮಾಡಿ ಸುಸ್ತಾದ. 1935ರಲ್ಲಿ ಲಾನ್ ಚೇನಿ ಜೂನಿಯರ್ ಆದ. ಆಮೇಲೆ ಸ್ಟುಡಿಯೋದವರು ‘ಜೂನಿಯರ್’ ಕೂಡ ಕಿತ್ತುಹಾಕಿದರು. ಹೆಸರು ಬಳಸಿಕೊಂಡವನು ಅವನಾ, ಸ್ಟುಡಿಯೋದವರಾ?

ನನಗೆ ಇದು ಯಾಕೆ ಚುಚ್ಚುತ್ತದೆ ಅಂದರೆ, ನನ್ನಪ್ಪ ನಮ್ಮೂರಿನಲ್ಲಿ ಹೆಸರಾದ ಫೋಟೋಗ್ರಾಫರ್. ಮೂರು ತಾಲ್ಲೂಕಿನ ಮದುವೆ ಅವರದೇ. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಅಂಗಡಿ ಬೇಡ ಅಂತ ಅವರೇ ಹೇಳುತ್ತಿದ್ದರು. 2009ರಲ್ಲಿ ಹೋಗಿಬಿಟ್ಟರು. ಅಂಗಡಿ ಬಾಡಿಗೆ 11 ತಿಂಗಳು ಬಾಕಿ. ನನ್ನ ಹೆಸರಿನ ಬೋರ್ಡ್ ಹಾಕಿದೆ, 6,800 ಖರ್ಚು. ಆರು ತಿಂಗಳಿಗೆ ಎರಡು ಮದುವೆ. ಬೋರ್ಡ್ ಇಳಿಸಿ ಅವರ ಹಳೇ ಬೋರ್ಡ್‌ಗೇ ಬಣ್ಣ ಹೊಡೆಸಿ ಹಾಕಿದೆ. ಮುಂದಿನ ಸೀಸನ್‌ಗೆ ಹತ್ತೊಂಬತ್ತು. ಇಂದಿಗೂ ಆಲ್ಬಂ ಕೊಟ್ಟಾಗ ಯಾರಾದರೂ ಒಬ್ಬರು ‘ನಿಮ್ಮಪ್ಪ ಇದ್ದಿದ್ದರೆ’ ಅಂತ ಶುರು ಮಾಡುತ್ತಾರೆ.

ಇನ್ನು ಮೇಕಪ್ ವಿಷಯ. ‘ಒನ್ ಮಿಲಿಯನ್ ಬಿ.ಸಿ.’ (1940) ಚಿತ್ರಕ್ಕೆ ಅಪ್ಪನ ಹಾಗೆ ತಾನೇ ಮುಖ ಮಾಡಿಕೊಳ್ಳೋಕೆ ಹೊರಟಿದ್ದ. ಯೂನಿಯನ್ ನಿಯಮ ಅಡ್ಡ ಬಂತು. ಅಪ್ಪನ ಕಾಲದಲ್ಲಿ ಆ ನಿಯಮವೇ ಇರಲಿಲ್ಲ. ‘ಆಫ್ ಮೈಸ್ ಅಂಡ್ ಮೆನ್’ (1939) ನೋಡಿ. ಅದರಲ್ಲಿ ಕೂದಲೂ ಇಲ್ಲ, ಮುಖವಾಡವೂ ಇಲ್ಲ. ಲೆನ್ನಿ ಅನ್ನುವ ಮಗುವಿನ ಬುದ್ಧಿಯ ದೈತ್ಯ. ಮೊಲ ಸಾಕೋಣ, ಮೊಲದ ವಿಷಯ ಹೇಳು ಅಂತ ಕೇಳುತ್ತಾನಲ್ಲ, ನನಗೆ ನುಂಗಲಾಗಲಿಲ್ಲ.

ಮೂಕಿಮೋಹಿ:
ನಿಮ್ಮ ಅಂಗಡಿ ಕಥೆಗೆ ನನ್ನ ಸಹಾನುಭೂತಿ ಇದೆ. ಆದರೆ ಲೆನ್ನಿ ಒಂದೇ ಪಾತ್ರ. ಒಂದು ಪಾತ್ರಕ್ಕೆ ನಲವತ್ತು ವರ್ಷದ ವೃತ್ತಿ ಮಾಫಿ ಮಾಡೋಕಾಗುತ್ತಾ?

ಕ್ಯಾಮೆರಾಅಂಗಡಿ:
ಸಹಾನುಭೂತಿ ನೀವೇ ಇಟ್ಟುಕೊಳ್ಳಿ. ‘ಹೈ ನೂನ್’ (1952) ನೋಡಿದ್ದೀರಾ? ಸಂಧಿವಾತದ ಕೈ ಇಟ್ಟುಕೊಂಡು ಕೂತ ಮುದಿ ಮಾರ್ಷಲ್. ಬರುವುದು ಸ್ವಲ್ಪ ಹೊತ್ತು. ಯಾರು ಅಂತ ಗೊತ್ತಿಲ್ಲದೇ ನೋಡಿ ಬನ್ನಿ, ಆಮೇಲೆ ಮಾತಾಡೋಣ.

ನ್ಯೂಜೆರ್ಸಿಗೌಡ:
ಜೂನಿಯರ್ ಕಿತ್ತುಹಾಕಿದ್ದರಿಂದ ನನಗೆ ಆದ ನಷ್ಟ ಕೇಳಿ. ಹರಾಜಿನಲ್ಲಿ ‘ಲಾನ್ ಚೇನಿ, ಹಳೆಯ ಲಾಬಿ ಕಾರ್ಡ್’ ಅಂತ ಇತ್ತು. ಲಾಬಿ ಕಾರ್ಡ್ ಅಂದರೆ ಥಿಯೇಟರ್ ಒಳಗೆ ಹಾಕುತ್ತಿದ್ದ ಸಣ್ಣ ಪೋಸ್ಟರ್. ಚಿತ್ರ ಸಣ್ಣದು, ಮಸುಕು. ಅಪ್ಪನದು ಅಂತ ನಾನೇ ಊಹಿಸಿಕೊಂಡು 340 ಡಾಲರ್ ಕೂಗಿದೆ. ಬಂದಿದ್ದು ಮಗನದು. ಇರಲಿ, 1940ರ ದಶಕದ್ದಾದರೂ ಒಳ್ಳೇದೇ ಅಂತ ಸಮಾಧಾನ ಮಾಡಿಕೊಂಡೆ. ಫ್ರೇಮ್ ಹಾಕಿಸಲು 120 ಡಾಲರ್. ಫ್ರೇಮ್ ಹಾಕುವ ಅಜ್ಜ ಕೆಳಗಿನ ಅಂಚು ತೋರಿಸಿ, ಅಂಕಿಗೆ ಮುಂಚೆ ‘ಆರ್’ ಇದೆ ನೋಡು ಅಂದ. ‘ಆರ್’ ಅಂದರೆ ಮರುಬಿಡುಗಡೆ. 1951ರದ್ದು. ಅದರ ನಿಜವಾದ ಬೆಲೆ ಎಷ್ಟು ಅಂತ ಅಜ್ಜನನ್ನು ಕೇಳಿದೆ. ಮೊದಲು ಕೂತ್ಕೋ ಅಂದ.

ಅಗ್ಗದ್ದು ಬೇಕಾದರೆ 1997ರ ಅಂಚೆಚೀಟಿ ತಗೊಳ್ಳಿ. ಐದು ಚೀಟಿ, 32 ಸೆಂಟ್‌ನವು. ‘ಫ್ಯಾಂಟಮ್’ ಆಗಿ ಅಪ್ಪ, ತೋಳ ಆಗಿ ಮಗ, ಒಂದೇ ಹಾಳೆಯಲ್ಲಿ. ಇಬ್ಬರಿಗೂ ಒಂದೇ ಬೆಲೆ, ಜಗಳ ಬೇಡ.

ಕಬಿನಿದಡ:
ಹೆಸರಾದ ತಂದೆಯ ದಾರಿ ಹಿಡಿದವರು ಅಂದರೆ ನಮ್ಮ ಅಣ್ಣಾವ್ರೂ ಅಲ್ವಾ? ಅವರ ತಂದೆ ಪುಟ್ಟಸ್ವಾಮಯ್ಯನವರು ರಂಗಭೂಮಿಯಲ್ಲಿ ಹೆಸರು ಮಾಡಿದವರು. ಹಾಲಿವುಡ್ಡೇ ಬೇಕಾದರೆ ಸಾಬು ಇದ್ದಾರೆ, ನಮ್ಮ ಕಾರಾಪುರದ ಮಾವುತನ ಮಗ. 1937ರಲ್ಲೇ ‘ಎಲಿಫೆಂಟ್ ಬಾಯ್’.

ಮೂಕಿಮೋಹಿ:
ಎಲ್ಲಿ ಏನು ಮಾತಾಡಿದರೂ ಅಣ್ಣಾವ್ರನ್ನ ತರಲೇಬೇಕಾ? ಸಾಬು ಅಪ್ಪ ನಟನೇ ಅಲ್ಲ.

ಕಬಿನಿದಡ:
ಆನೆ ಪಳಗಿಸೋದು ನಿಮ್ಮ ಹನ್ನೊಂದು ಪ್ರತಿ ಇಳಿಸಿಕೊಂಡ ಹಾಗಲ್ಲ ಸ್ವಾಮಿ. ಅದೂ ಹೆಸರೇ.

ತೋಳದಹೆಜ್ಜೆ:
ಎಲ್ಲರಿಗೂ ಥ್ಯಾಂಕ್ಸ್. ನನ್ನ 10,000 ರೂಪಾಯಿ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಿನ್ನೆ ಮಗನಿಗೆ ಫೋನಿನಲ್ಲೇ ‘ವುಲ್ಫ್ ಮ್ಯಾನ್’ ತೋರಿಸಿದೆ. ಮನುಷ್ಯ ತೋಳ ಆಗುವಾಗ ಬರೀ ಕಾಲು ಯಾಕೆ ತೋರಿಸುತ್ತಾರೆ, ಮುಖ ಯಾಕಿಲ್ಲ ಅಂತ ಕೇಳಿದ. ಮುಖ ಬದಲಾಗೋದು ಕೊನೆಯಲ್ಲಿ, ಸತ್ತ ಮೇಲೆ, ಅದೂ ತೋಳದಿಂದ ಮನುಷ್ಯ ಆಗೋದು ಅಂದೆ. ಆಮೇಲೆ ಮಲಗುವ ಮುಂಚೆ ಎರಡು ಸಲ ತನ್ನ ಕಾಲು ನೋಡಿಕೊಂಡ.

ಗೀರುಬಿದ್ದಡಿಸ್ಕ್ ಅವರೇ, ಆ ಸೆಟ್ ಕೊಡುವ ಯೋಚನೆ ಏನಾದರೂ ಇದೆಯಾ?

ಗೀರುಬಿದ್ದಡಿಸ್ಕ್:
ಕೊಡಬಹುದು. 15,218.

ತೋಳದಹೆಜ್ಜೆ:
ಗೀರು ಬಿದ್ದಿದೆ ಅಂದಿರಿ?

ಗೀರುಬಿದ್ದಡಿಸ್ಕ್:
ಒಂದೇ ಡಿಸ್ಕ್ ಮೇಲೆ. ಸರಿ, 15,000. ಪ್ಲೇಯರ್ ಕೊಡಲ್ಲ.