ಸಹಾಯ ಬೇಕು: ಪುಣೆಯಲ್ಲಿ ಅಕಾಡೆಮಿಕ್ ಇಂಗ್ಲಿಷ್ ಕಲಿಸುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಅಕಾಡೆಮಿಕ್ ಇಂಗ್ಲಿಷ್ ಪಾಠ ಮಾಡ್ತೀನಿ. ವಿಜಯಪುರ, ಕಲಬುರಗಿ, ಜತ್ತ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೂ ಇದ್ದಾರೆ. ವಿಷಯ ಚೆನ್ನಾಗಿ ಗೊತ್ತು, ಬರೆಯೋಕೆ ಕೂತರೆ ಕೈ ಓಡಲ್ಲ.

ಹೆಚ್ಚು ಕಷ್ಟ ಸಂಶೋಧನಾ ಲೇಖನದ ಪೀಠಿಕೆಯಲ್ಲಿ. ಭಾಷಾಶಾಸ್ತ್ರಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ಹೆಜ್ಜೆ ಹೇಳಿಕೊಡ್ತೀನಿ: ಕ್ಷೇತ್ರದ ಮಹತ್ವ, ಈವರೆಗಿನ ಕೆಲಸದಲ್ಲಿ ಉಳಿದ ಕೊರತೆ, ಅದನ್ನು ತುಂಬೋ ನಮ್ಮ ಕೆಲಸ. ಎರಡನೆಯದೇ ಬರಲ್ಲ. ಉಜನಿ ಜಲಾಶಯದ ನೀರಿನ ಬಗ್ಗೆ ಬರೀತಿರೋ ಹುಡುಗಿ, ಹಿಂದಿನವರ ಲೇಖನಗಳ ಸಾರಾಂಶವನ್ನು ಸಾಲಾಗಿ ಜೋಡಿಸಿ ನೇರ ತನ್ನ ಉದ್ದೇಶಕ್ಕೆ ಹಾರಿದ್ದಾಳೆ. ಹಿರಿಯರ ಕೆಲಸದಲ್ಲಿ ಕೊರತೆ ತೋರಿಸೋದು ಅವಿನಯ ಅನ್ನೋ ಅಳುಕು ಇದಕ್ಕೆ ಕಾರಣ ಅಂತ ನನಗನಿಸುತ್ತೆ.

ಇದನ್ನು ತರಗತಿಯಲ್ಲಿ ಹೇಗೆ ಅಭ್ಯಾಸ ಮಾಡಿಸ್ತೀರಿ? ಮೊದಲು ಕನ್ನಡದಲ್ಲೇ ಚರ್ಚೆ ಮಾಡಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿದವರಿದ್ದರೆ ದಯವಿಟ್ಟು ವಿವರವಾಗಿ ಹೇಳಿ. ಪರಿಸರ ವಿಜ್ಞಾನದ ವಿದ್ಯಾರ್ಥಿಗಳ ಕರಡುಗಳಿದ್ದರೆ, ಅವರ ಒಪ್ಪಿಗೆ ಪಡೆದು ಹೆಸರು ತೆಗೆದು ಕಳಿಸಿ. ತಿದ್ದುಪಡಿ ಗುರುತು ಹಾಗೇ ಇದ್ದರೆ ಇನ್ನೂ ಒಳ್ಳೇದು. ಪದಪಟ್ಟಿ ಬೇಡ, ಅಕಾಡೆಮಿಕ್ ಬರಹದಲ್ಲಿ ಹೆಚ್ಚಾಗಿ ಬರೋ 570 ಪದಕುಟುಂಬಗಳ (ಒಂದೇ ಮೂಲದ ಪದಗಳ ಗುಂಪುಗಳ) ಕಾಕ್ಸ್‌ಹೆಡ್ ಪಟ್ಟಿ ನನ್ನ ಹತ್ತಿರ ಇದೆ. ಕೊಥ್ರೂಡ್ ಕಡೆ ಶನಿವಾರ ಸಿಗೋರಿದ್ದರೆ ತಿಳಿಸಿ, ನಾನೇ ಬರ್ತೀನಿ.